ಮಾರ್ಬಲ್‌ಕೇಕ್ ಪ್ರಕರಣ: 21 ಹೆಸರುಗಳ ಮೊದಲಕ್ಷರದಲ್ಲಿ ಅಡಗಿದ್ದ ಟ್ರೋಲ್

2009ರ ಏಪ್ರಿಲ್ 27ರಂದು ಅಮೆರಿಕದ ‘ಟೈಮ್’ ಪತ್ರಿಕೆಯ ಜಾಲತಾಣ ಓದುಗರ ಮತದಾನದ ಫಲಿತಾಂಶ ಪ್ರಕಟಿಸಿತು. ಜಗತ್ತಿನ ಅತಿ ಪ್ರಭಾವಿ ವ್ಯಕ್ತಿ ಯಾರು ಎಂಬ ಪ್ರಶ್ನೆಗೆ ಬಂದ ಉತ್ತರ ‘ಮೂಟ್’. ಅದು ಕ್ರಿಸ್ಟೋಫರ್ ಪೂಲ್ ಎಂಬ 21ರ ತರುಣನ ಅಂಕಿತನಾಮ. ‘ಫೋರ್‌ಚಾನ್’ ಎಂಬ ಚಿತ್ರ-ಚರ್ಚೆಯ ತಾಣವನ್ನು ಆತ 2003ರಲ್ಲಿ, ತನ್ನ 15ನೇ ವಯಸ್ಸಿನಲ್ಲಿ ಶುರು ಮಾಡಿದ್ದ. ಅವನಿಗೆ ಬಿದ್ದ ಮತ 1,67,94,368. ಸರಾಸರಿ ಅಂಕ ನೂರಕ್ಕೆ 90. ಬರಾಕ್ ಒಬಾಮ, ವ್ಲಾದಿಮಿರ್ ಪುಟಿನ್, ಓಪ್ರಾ ವಿನ್‌ಫ್ರೇ ಎಲ್ಲರೂ ಅವನಿಗಿಂತ ಕೆಳಗೆ.

ಇಷ್ಟನ್ನು ನೋಡಿ ‘ಯಾರೋ ಹುಡುಗರು ಕಳ್ಳಮತ ಹಾಕಿದ್ದಾರೆ’ ಎಂದು ಎಲ್ಲರಿಗೂ ಹೊಳೆಯುತ್ತದೆ. ಆದರೆ ಟ್ರೋಲ್ ಇದ್ದದ್ದು ಮೊದಲ ಸ್ಥಾನದಲ್ಲಲ್ಲ, ಅದರ ಕೆಳಗಿನ ಇಪ್ಪತ್ತು ಸ್ಥಾನಗಳಲ್ಲಿ. ಪಟ್ಟಿ ಹೀಗಿತ್ತು: ಮೂಟ್, ಅನ್ವರ್ ಇಬ್ರಾಹಿಂ, ರಿಕ್ ವಾರೆನ್, ಬೈತುಲ್ಲಾ ಮೆಹ್ಸೂದ್, ಲ್ಯಾರಿ ಬ್ರಿಲಿಯಂಟ್, ಎರಿಕ್ ಹೋಲ್ಡರ್, ಕಾರ್ಲೋಸ್ ಸ್ಲಿಮ್, ಆಂಗೆಲಾ ಮರ್ಕೆಲ್, ಕೋಬಿ ಬ್ರಯಾಂಟ್, ಇವೊ ಮೊರಾಲೆಸ್, ಅಲೆಕ್ಸಾಂಡರ್ ಲೆಬೆದೆವ್, ಲಿಲ್ ವೇಯ್ನ್, ಶೇಖ್ ಅಹ್ಮದ್ ಬಿನ್ ಜಾಯೆದ್, ಒಡೆಲ್ ಬಾರ್ನ್ಸ್, ಟೀನಾ ಫೇ, ಹು ಜಿಂಟಾವೊ, ಎರಿಕ್ ಕ್ಯಾಂಟರ್, ಗಮಾಲ್ ಮುಬಾರಕ್, ಅಲಿ ಅಲ್-ನೈಮಿ, ಮುಕ್ತದಾ ಅಲ್-ಸದ್ರ್, ಎಲಿಜಬೆತ್ ವಾರೆನ್.

ಭಾರತದಲ್ಲಿ ಸಿಡುಬು ನಿರ್ಮೂಲನೆಗೆ ದುಡಿದ ವೈದ್ಯ ಲ್ಯಾರಿ ಬ್ರಿಲಿಯಂಟ್ ಪಕ್ಕದಲ್ಲೇ ಪಾಕಿಸ್ತಾನಿ ತಾಲಿಬಾನ್ ಮುಖಂಡ ಮೆಹ್ಸೂದ್. ಚೀನಾದ ಅಧ್ಯಕ್ಷರಿಗಿಂತ ಒಂದು ಮೆಟ್ಟಿಲು ಮೇಲೆ ಹಾಸ್ಯನಟಿ ಟೀನಾ ಫೇ. ಪ್ರಭಾವದ ದೃಷ್ಟಿಯಿಂದ ಈ ಸಾಲಿಗೆ ತಲೆಬುಡ ಇಲ್ಲ. ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಂದರ ಕೆಳಗೊಂದು ಬರೆದು ಮೊದಲಕ್ಷರಗಳನ್ನಷ್ಟೇ ಮೇಲಿಂದ ಕೆಳಗೆ ಓದಿದರೆ ಮಾತ್ರ ಗುಟ್ಟು ಬಿಚ್ಚಿಕೊಳ್ಳುತ್ತದೆ: ಎಂ, ಎ, ಆರ್, ಬಿ, ಎಲ್, ಇ, ಸಿ, ಎ, ಕೆ, ಇ – ಮಾರ್ಬಲ್‌ಕೇಕ್. ಎ, ಎಲ್, ಎಸ್, ಓ – ಆಲ್ಸೋ. ಮುಂದಿನ ಏಳು ಅಕ್ಷರ – ದ ಗೇಮ್. ‘ಮಾರ್ಬಲ್‌ಕೇಕ್, ಜೊತೆಗೆ ದ ಗೇಮ್’. ಎಸ್ ಅಕ್ಷರಕ್ಕೆ ಹೆಸರೂ ಬೇಕಾಗಲಿಲ್ಲ, ‘ಶೇಖ್’ ಎಂಬ ಬಿರುದೇ ಸಾಕಾಯಿತು. ಸಾಲುಗಳ ಮೊದಲಕ್ಷರ ಸೇರಿಸಿ ಬೇರೆಯೇ ಮಾತು ಹೊರಡಿಸುವ ಚಮತ್ಕಾರ ಚಿತ್ರಕಾವ್ಯ ಬಲ್ಲ ಕನ್ನಡದ ಓದುಗರಿಗೆ ಹೊಸದಲ್ಲ. ಇಲ್ಲಿ ಆ ಸಾಲುಗಳನ್ನು ಕಟ್ಟಿದ್ದು ಕವಿಯಲ್ಲ, ಕೋಟಿಗಟ್ಟಲೆ ಸುಳ್ಳುಮತ.

ಟ್ರೋಲ್ ಎಂದರೇನು ಎಂದು ಕೇಳಿದವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಟ್ರೋಲಿಗೆ ಯಾವಾಗಲೂ ಎರಡು ಗುಂಪಿನ ಓದುಗರಿರುತ್ತಾರೆ. ಒಂದು ಗುಂಪು ಅದನ್ನು ನಿಜವೆಂದು ಓದುತ್ತದೆ. ಇನ್ನೊಂದು, ಮೊದಲ ಗುಂಪು ಅದನ್ನು ನಿಜವೆಂದು ಓದುತ್ತಿರುವುದನ್ನು ನೋಡುತ್ತದೆ. ಈ ಎರಡು ಗುಂಪುಗಳ ನಡುವೆ ಗೆರೆ ಎಳೆಯುವುದೇ ಒಳಗಿನವರ ಆಡುಪದಗಳು.

ಪದಗಳು

ಟ್ರೋಲ್ ಎಂದ ಕೂಡಲೇ ಯುರೋಪಿನ ಜನಪದ ಕಥೆಗಳ ರಾಕ್ಷಸ ನೆನಪಾಗುತ್ತಾನೆ. ಆದರೆ ಅಂತರ್ಜಾಲದ ಬಳಕೆಗೆ ಮೀನುಗಾರಿಕೆಯ ಅರ್ಥವೇ ಹೆಚ್ಚು ಹೊಂದುತ್ತದೆ. ದೋಣಿಯ ಹಿಂದೆ ಎರೆ ಸಿಕ್ಕಿಸಿದ ಗಾಳವನ್ನು ನಿಧಾನಕ್ಕೆ ಎಳೆದುಕೊಂಡು ಹೋಗುವುದು ಟ್ರೋಲಿಂಗ್. ಮಲ್ಪೆ, ಮಂಗಳೂರಿನ ಬಂದರಿನವರು ಇದನ್ನು ತಮ್ಮ ಟ್ರಾಲ್ ಬೋಟಿನ ಜೊತೆ ಸೇರಿಸಬಾರದು. ಅದು ಕಡಲ ತಳದಲ್ಲಿ ಬಲೆ ಎಳೆಯುವ ಕೆಲಸ, ಸಿಕ್ಕಿದ್ದೆಲ್ಲ ಬಾಚಿ ತರುತ್ತದೆ. ಗಾಳದಲ್ಲಿ ಹಾಗಲ್ಲ, ಮೀನು ತಾನಾಗಿ ಬಂದು ಕಚ್ಚಬೇಕು.

1990ರ ದಶಕದ ಆರಂಭದಲ್ಲಿ ಯೂಸ್‌ನೆಟ್ ಎಂಬ ಚರ್ಚಾಜಾಲದಲ್ಲಿ, ಊರೂರು ಸುತ್ತುವ ಗಾಳಿಮಾತುಗಳನ್ನು ಚರ್ಚಿಸುವ ಗುಂಪೊಂದರ ಹಳಬರು ಇದನ್ನೇ ಮಾಡುತ್ತಿದ್ದರು. ನೂರು ಸಲ ಚರ್ಚೆಯಾಗಿ ಸವೆದುಹೋದ ಪ್ರಶ್ನೆಯೊಂದನ್ನು ಏನೂ ಗೊತ್ತಿಲ್ಲದವರ ಹಾಗೆ ಮತ್ತೆ ಕೇಳುವುದು. ಹಳಬರು ಸುಮ್ಮನಿರುತ್ತಾರೆ. ಹೊಸಬ ಬಂದು ಉದ್ದುದ್ದ ಉತ್ತರ ಬರೆಯುತ್ತಾನೆ. ಅಲ್ಲಿಗೆ ಮೀನು ಗಾಳ ಕಚ್ಚಿತು. ಕನ್ನಡದಲ್ಲಿ ಇದಕ್ಕೆ ತೀರಾ ಹತ್ತಿರದ ಮಾತು ‘ಬಕ್ರಾ ಮಾಡೋದು’. ನೇರವಾಗಿ ಬೈಯುವುದಕ್ಕೆ ಆಗಲೇ ಬೇರೆ ಪದವಿತ್ತು: ‘ಫ್ಲೇಮ್’, ಬೆಂಕಿ ಹಚ್ಚುವುದು. ಬೈಯುವವನು ತನ್ನ ಸಿಟ್ಟನ್ನು ತೋರಿಸುತ್ತಾನೆ, ಟ್ರೋಲ್ ತನ್ನ ಉದ್ದೇಶವನ್ನೇ ಮುಚ್ಚಿಡುತ್ತಾನೆ. ಆ ಜಾಲದವರು ಎರಡನ್ನೂ ಒಂದೇ ಎನ್ನುತ್ತಿರಲಿಲ್ಲ.

ನಮ್ಮ ಪ್ರಕರಣದಲ್ಲಿ ಬರುವ ಪದಗಳಿಗೂ ಇದೇ ಗುಣ. ಫೋರ್‌ಚಾನ್‌ನಲ್ಲಿ ಹೆಸರು ಕೊಡದೆ ಬರೆದರೆ ‘ಅನಾನಿಮಸ್’, ಅಂದರೆ ಅನಾಮಧೇಯ, ಎಂದು ತಾನಾಗಿ ಬೀಳುತ್ತಿತ್ತು. ಎಲ್ಲರೂ ಅದೇ ಹೆಸರಲ್ಲಿ ಬರೆದಿದ್ದರಿಂದ ಅದೇ ಕ್ರಮೇಣ ಗುಂಪಿನ ಹೆಸರಾಯಿತು, ಒಬ್ಬೊಬ್ಬ ಸದಸ್ಯ ‘ಅನಾನ್’ ಆದ. ‘ಲರ್ಕ್’ ಎಂದರೆ ಬಾಯಿ ಬಿಡದೆ ಓದಿಕೊಂಡಿರುವುದು. ಹೊಸಬನಿಗೆ ಕೊಡುವ ಮೊದಲ ಬುದ್ಧಿಮಾತೂ ಅದೇ: ಇನ್ನಷ್ಟು ದಿನ ಲರ್ಕ್ ಮಾಡು. ‘ರೇಡ್’ ಎಂದರೆ ಎಲ್ಲರೂ ಒಟ್ಟಾಗಿ ಬೇರೊಂದು ತಾಣದ ಮೇಲೆ ಮುಗಿಬೀಳುವುದು. ‘ಲಲ್ಜ್’ ಹುಟ್ಟಿದ್ದು ಗಟ್ಟಿ ನಗುವಿನ ‘ಎಲ್‌ಓಎಲ್’ನಿಂದ, ಆದರೆ ಇದು ಇನ್ನೊಬ್ಬರ ಪೇಚಾಟ ನೋಡಿ ಬರುವ ನಗು. ‘ಯಾಕೆ ಮಾಡಿದಿರಿ’ ಎಂದರೆ ಬರುವ ಉತ್ತರ ‘ಲಲ್ಜ್‌ಗೋಸ್ಕರ’.

ಮಾರ್ಬಲ್‌ಕೇಕ್ ಎಂಬುದು ಒಂದು ಹರಟೆಕೋಣೆಯ ಹೆಸರು. 2008ರ ಜನವರಿಯಲ್ಲಿ ಸೈಂಟಾಲಜಿ ಪಂಥದ ವಿರುದ್ಧ ಅನಾನಿಮಸ್ ಹೆಸರಲ್ಲಿ ಹೊರಬಿದ್ದ ವಿಡಿಯೋ ಸಿದ್ಧವಾದದ್ದು ಅಲ್ಲಿ. ಪಟ್ಟಿಯಲ್ಲಿ ಆ ಹೆಸರು ಕೆತ್ತಿದ್ದು ಒಳಗಿನವರು ಒಳಗಿನವರಿಗೆ ಹಾಕಿದ ಸಹಿ. ‘ದ ಗೇಮ್’ ಇನ್ನೂ ಚುರುಕು. ಅದೊಂದು ಮನಸ್ಸಿನ ಆಟ. ನೆನಪಾದ ಕ್ಷಣವೇ ನೀವು ಸೋತಿರಿ, ಸೋತೆ ಎಂದು ಹೇಳಲೂಬೇಕು. ಆಟ ಗೊತ್ತಿರುವವನು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ ಮುಗಿಸುವಷ್ಟರಲ್ಲಿ ಸೋತಿರುತ್ತಾನೆ. ಗೊತ್ತಿಲ್ಲದವನಿಗೆ ಅದು ಬರೀ ‘ಆಟ’ ಎಂಬ ಪದ. ನಿಘಂಟಿನ ಅರ್ಥ ಹಿಡಿದು ಹೊರಟವರಿಗೆ ಇಂಥ ಪದಗಳು ಸಿಗದಿರುವುದು ಈ ಕಾರಣಕ್ಕೆ. ಅವು ಅರ್ಥವನ್ನು ಹೇಳುವುದಕ್ಕಿಂತ ಹೆಚ್ಚಾಗಿ, ಕೇಳಿಸಿಕೊಂಡವನು ಯಾವ ಕಡೆಯವನು ಎಂದು ಪತ್ತೆ ಹಚ್ಚುತ್ತವೆ.

ಮತ ಹೇಗೆ ಬಿತ್ತು

ಪ್ರತಿ ಹೆಸರಿನ ಮುಂದೆ 1ರಿಂದ 100ರವರೆಗೆ ಜಾರಿಸಿ ಅಂಕ ಕೊಡುವ ಗುಂಡಿ ಇತ್ತು. ಸರಾಸರಿ ಅಂಕದ ಮೇಲೆ ಸ್ಥಾನ. ಹೊರಗಿಂದ ನೋಡಿದರೆ ಇಷ್ಟೇ. ಒಳಗೆ, ಮತ ಹಾಕುವುದೆಂದರೆ ಒಂದು ಜಾಲ ವಿಳಾಸವನ್ನು ತೆರೆಯುವುದು. ಆ ವಿಳಾಸದ ಬಾಲದಲ್ಲಿ ಮೂರು ಸಂಗತಿ: ಮತದಾನದ ಹೆಸರು, ಅಭ್ಯರ್ಥಿಯ ಸಂಖ್ಯೆ, ಅಂಕ. ವಿಳಾಸ ತೆರೆದವರು ಯಾರು, ಟೈಮ್ ಪುಟದಿಂದಲೇ ಬಂದರೇ, ಆಗಲೇ ಮತ ಹಾಕಿದ್ದಾರೆಯೇ ಎಂದು ಕೇಳುವವರಿಲ್ಲ. ಹಾಗಾಗಿ ಅನಾನ್‌ಗಳು ಆ ವಿಳಾಸವನ್ನು ಕೊಂಡಿಯಾಗಿಸಿ ಸಿಕ್ಕಲ್ಲೆಲ್ಲ ಹಂಚಿದರು. ಕ್ಲಿಕ್ ಮಾಡಿದ ಪಾಪದವರಿಗೆ ತಾವು ಮೂಟ್‌ಗೆ ಮತ ಹಾಕಿದ್ದು ಗೊತ್ತೇ ಇಲ್ಲ. ಅದಕ್ಕೂ ಮಿಗಿಲಾಗಿ, ಅಂಕ 1ರಿಂದ 100ರ ಒಳಗಿದೆಯೇ ಎಂದು ಸರ್ವರ್, ಅಂದರೆ ಮತ ದಾಖಲಿಸಿಕೊಳ್ಳುವ ಕಡೆಯ ಕಂಪ್ಯೂಟರ್, ನೋಡುತ್ತಿರಲಿಲ್ಲ. ನೂರಕ್ಕೆ ಮೀರಿದ ಅಂಕವೂ ಒಳಗೆ ಹೋಯಿತು. ಜಾರುಗುಂಡಿ ನೂರಕ್ಕೆ ನಿಲ್ಲುತ್ತದೆ ಎಂಬ ಭರವಸೆಯಲ್ಲಿ ತಾಣ ಕಟ್ಟಿದ್ದರು. ಜಾರುಗುಂಡಿ ಇರುವುದು ಬಳಕೆದಾರನ ಬ್ರೌಸರಿನಲ್ಲಿ, ಅದನ್ನು ಮುಟ್ಟದೆಯೇ ವಿಳಾಸ ಬರೆಯಬಹುದು.

ಟೈಮ್ ಎಚ್ಚೆತ್ತು ಮೂಟ್‌ನ ಮತಗಳನ್ನು ಅಳಿಸಿತು, ಬೀಗವೊಂದನ್ನೂ ಹಾಕಿತು. ವಿಳಾಸದ ಜೊತೆಗೆ ಒಂದು ಗುಪ್ತಪದ ಸೇರಿಸಿ, ಎರಡನ್ನೂ ‘ಎಂಡಿ5’ ಎಂಬ ಗಣಿತಕ್ರಿಯೆಗೆ ಕೊಟ್ಟರೆ 32 ಅಂಕಿ-ಅಕ್ಷರಗಳ ಸಾಲು ಬರುತ್ತದೆ. ಆ ಸಾಲು ಸರಿಯಿದ್ದರೆ ಮಾತ್ರ ಮತ ಸಲ್ಲುತ್ತದೆ. ಈ ಗುಪ್ತಪದಕ್ಕೆ ಕಸುಬಿನವರು ‘ಸಾಲ್ಟ್’, ಉಪ್ಪು ಎನ್ನುತ್ತಾರೆ. ಬೀಗ ಕೆಟ್ಟದ್ದೇನಲ್ಲ. ಆದರೆ ಸಾಲು ಲೆಕ್ಕ ಹಾಕುವ ಕೆಲಸವನ್ನು ಬ್ರೌಸರಿನಲ್ಲಿ ಓಡುವ, ಫ್ಲ್ಯಾಶ್ ಎಂಬ ಆಗಿನ ತಂತ್ರಾಂಶದ ಕಡತಕ್ಕೆ ವಹಿಸಿದ್ದರು. ಲೆಕ್ಕ ಹಾಕಬೇಕೆಂದರೆ ಉಪ್ಪು ಆ ಕಡತದೊಳಗೇ ಇರಬೇಕು. ಆ ಕಡತ ಪ್ರತಿ ಓದುಗನ ಕಂಪ್ಯೂಟರಿಗೂ ಇಳಿಯುತ್ತದೆ. ಕಳ್ಳನ ಕೈಗೇ ಬೀಗದಕೈ ಕೊಟ್ಟ ಹಾಗಾಯಿತು. ಕಡತ ಬಿಚ್ಚಿ ಉಪ್ಪು ತೆಗೆದುಕೊಂಡರು.

ಮೂರನೆಯ ತಡೆ: ಒಂದೇ ಐಪಿ ವಿಳಾಸದಿಂದ (ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) ಒಬ್ಬನೇ ಅಭ್ಯರ್ಥಿಗೆ 13 ಸೆಕೆಂಡಿಗಿಂತ ಬೇಗ ಎರಡನೇ ಮತ ಬಂದರೆ ಆ ವಿಳಾಸಕ್ಕೆ ನಿಷೇಧ. ಈ ನಿಯಮದಲ್ಲಿ ‘ಒಬ್ಬನೇ ಅಭ್ಯರ್ಥಿಗೆ’ ಎಂಬ ಮಾತೇ ಮುಳುವಾಯಿತು. 13 ಸೆಕೆಂಡು ಸುಮ್ಮನೆ ಕೂರುವ ಬದಲು ಬೇರೆಯವರಿಗೆ ಮತ ಹಾಕುತ್ತಾ ಸುತ್ತಿ ಬರಬಹುದು. ಮೂಟ್‌ನನ್ನು ಮೇಲೆ ಇಡುವುದಷ್ಟೇ ಗುರಿಯಾಗಿದ್ದರೆ ಉಳಿದ ಮತಗಳು ವ್ಯರ್ಥ. ಇಡೀ ಪಟ್ಟಿಯನ್ನೇ ಜೋಡಿಸುವುದಾದರೆ ಅವೆಲ್ಲವೂ ಕೆಲಸಕ್ಕೆ ಬರುತ್ತವೆ. ತಾನೇ ಮತ ಹಾಕುವ ತಂತ್ರಾಂಶ ನಿಮಿಷಕ್ಕೆ 100 ಮತ ಹಾಕುತ್ತದೆ ಎಂದುಕೊಳ್ಳಿ, ಅಂದರೆ 0.6 ಸೆಕೆಂಡಿಗೆ ಒಂದು. 13 ಸೆಕೆಂಡಿಗೆ ಹೆಚ್ಚೂಕಡಿಮೆ 21 ಮತ, ಸಂದೇಶದಲ್ಲಿರುವುದೂ 21 ಅಕ್ಷರ. ಲೆಕ್ಕ ತಾನಾಗಿ ಕೂಡಿಬಂದಿತೋ ಏನೋ, ತಡೆಗೆಂದು ಹಾಕಿದ ನಿಯಮವೇ ಕೆಲಸದ ತಾಳವಾಯಿತು. ವೇಗ ಸಾಲದಾದಾಗ, ನಡುವೆ ನಿಂತು ತಮ್ಮ ಐಪಿಯನ್ನೇ ತೋರಿಸುವ ಪ್ರಾಕ್ಸಿ ಸರ್ವರುಗಳ ಮೂಲಕ ಐಪಿ ಬದಲಿಸಿಕೊಂಡರು.

ಸರಾಸರಿಯನ್ನು ಎಳೆದಾಡುವ ಲೆಕ್ಕ ಶಾಲೆಯ ಮಟ್ಟದ್ದು, ಆದರೆ ಪ್ರಕರಣದ ತಿರುಳು ಅಲ್ಲೇ ಇದೆ. ಯಾರಿಗೋ 10,000 ಮತ ಬಿದ್ದು ಸರಾಸರಿ 40 ಇದೆ ಎಂದುಕೊಳ್ಳಿ, ಅದನ್ನು 60ಕ್ಕೆ ಏರಿಸಬೇಕು. ಈಗಿನ ಒಟ್ಟು ಅಂಕ 4,00,000. ನೂರು ಅಂಕದ 5,000 ಮತ ಸೇರಿಸಿದರೆ ಒಟ್ಟು 9,00,000, ಮತ 15,000, ಸರಾಸರಿ 60. ನಿಮಿಷಕ್ಕೆ 100ರಂತೆ ಹಾಕಿದರೆ ಒಂದೇ ಕಂಪ್ಯೂಟರಿಗೆ 50 ನಿಮಿಷದ ಕೆಲಸ. ಮೇಲಿರುವವರನ್ನು ಕೆಳಗಿಳಿಸಲು 1 ಅಂಕ. ಕಷ್ಟ ಇರುವುದು ನಡುವಿನ ಸ್ಥಾನಗಳಲ್ಲಿ. 14ನೇ ಹೆಸರಿನ ಸರಾಸರಿ 13ನೆಯದಕ್ಕಿಂತ ಕೆಳಗೂ 15ನೆಯದಕ್ಕಿಂತ ಮೇಲೂ ನಿಲ್ಲಬೇಕು. ಅತ್ತ ನಿಜವಾದ ಓದುಗರೂ ಮತ ಹಾಕುತ್ತಲೇ ಇರುತ್ತಾರೆ, ಒಡೆಲ್ ಬಾರ್ನ್ಸ್ ಮೇಲೆ ಜಾರಿದರೆ ಪದದ ಕಾಗುಣಿತವೇ ಕೆಡುತ್ತದೆ. ಪುಟದಲ್ಲಿ ಸ್ಥಾನಗಳು ಆ ಹೊತ್ತಿಗೆ ಆ ಹೊತ್ತು ಕಾಣುತ್ತಿದ್ದುದರಿಂದ ನೋಡಿ ನೋಡಿ ಸರಿಪಡಿಸಲು ಸಾಧ್ಯವಾಯಿತು. ತಕ್ಕಡಿಯ ಮುಳ್ಳನ್ನು ಕಳ್ಳನ ಕಡೆಗೇ ತಿರುಗಿಸಿ ಇಟ್ಟಿದ್ದರು.

ಎರಡು ಪದದ ಕ್ಯಾಪ್ಚಾ

ಕೊನೆಗೆ ಟೈಮ್ ರಿಕ್ಯಾಪ್ಚಾ ಎಂಬ ಕ್ಯಾಪ್ಚಾವನ್ನು, ಅಂದರೆ ಮತ ಹಾಕುವುದು ಮನುಷ್ಯನೋ ಯಂತ್ರವೋ ಎಂದು ಪರೀಕ್ಷಿಸುವ ಒಗಟನ್ನು, ಅಳವಡಿಸಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ವ್ಯವಸ್ಥೆ ಆಗ ಸೊಟ್ಟಪಟ್ಟ ಎರಡು ಪದ ತೋರಿಸಿ ಟೈಪಿಸಲು ಹೇಳುತ್ತಿತ್ತು. ಒಂದರ ಉತ್ತರ ಯಂತ್ರಕ್ಕೆ ಗೊತ್ತು. ಇನ್ನೊಂದು ಹಳೆಯ ಪುಸ್ತಕ, ಪತ್ರಿಕೆಗಳ ಸ್ಕ್ಯಾನಿನಲ್ಲಿ ಯಂತ್ರ ಓದಲಾರದೆ ಬಿಟ್ಟ ಪದ. ಗೊತ್ತಿರುವುದನ್ನು ಸರಿಯಾಗಿ ಬರೆದರೆ ನೀವು ಮನುಷ್ಯ. ಇನ್ನೊಂದಕ್ಕೆ ಹಲವರು ಒಂದೇ ಉತ್ತರ ಕೊಟ್ಟರೆ ಅದೇ ಸರಿಯೆಂದು ದಾಖಲಾಗುತ್ತದೆ.

ತಾನೇ ಓಡುತ್ತಿದ್ದ ತಂತ್ರಾಂಶಗಳು ನಿಂತವು, ಪಟ್ಟಿಯ ಸಾಲೂ ಕದಡಿತು. ಗುಂಪಿನವರು ಮೊದಲು ಹೂಡಿದ ಉಪಾಯ ಫಲಿಸಲಿಲ್ಲ. ಗೊತ್ತಿಲ್ಲದ ಪದಕ್ಕೆ ಎಲ್ಲರೂ ಒಂದೇ ಅಶ್ಲೀಲ ಪದ ಟೈಪಿಸುತ್ತಾ ಹೋದರೆ ಯಂತ್ರ ಅದನ್ನೇ ಸರಿಯೆಂದು ಕಲಿಯುತ್ತದೆ, ಆಮೇಲೆ ತಂತ್ರಾಂಶವೂ ಆ ಒಂದೇ ಪದ ಹೇಳಿಕೊಂಡು ದಾಟಬಹುದು ಎಂಬ ಲೆಕ್ಕಾಚಾರ. ರಿಕ್ಯಾಪ್ಚಾದಲ್ಲಿ ಹರಿದಾಡುತ್ತಿದ್ದ ಪದಗಳ ಮುಂದೆ ಅವರ ಸಂಖ್ಯೆ ಏನೇನೂ ಸಾಲದು. ಒಂದೇ ಪದ ಅವರಲ್ಲೇ ಹಲವರ ಕೈಗೆ ಬರುವ ಸಂಭವ ತೀರಾ ಕಡಿಮೆ.

ಆಮೇಲೆ ಮಾಡಿದ್ದು ಕೂಲಿ ಕೆಲಸ. ಎರಡರಲ್ಲಿ ಯಾವುದು ಸ್ಕ್ಯಾನಿನ ಪದ ಎಂದು ಅಭ್ಯಾಸವಾದ ಕಣ್ಣಿಗೆ ತಿಳಿಯುತ್ತದೆ, ಅದಕ್ಕೆ ಏನೋ ಒಂದು ಅಕ್ಷರ ಕುಟ್ಟಿ, ಇನ್ನೊಂದನ್ನು ಮಾತ್ರ ಸರಿಯಾಗಿ ಬರೆದು ಸಮಯ ಉಳಿಸಿದರು. ಟೈಮ್ ಪುಟದ ಚಿತ್ರ, ಜಾಹೀರಾತು ಯಾವುದೂ ಇಲ್ಲದೆ ಕ್ಯಾಪ್ಚಾ ಮಾತ್ರ ಒಂದರ ಹಿಂದೊಂದು ಕಾಣುವ ಪುಟ ಮಾಡಿಕೊಂಡು ಕೂತು ಟೈಪಿಸಿದರು. ಕ್ಯಾಪ್ಚಾ ತಡೆಯುವುದು ಯಂತ್ರವನ್ನು. ಹಟ ಹಿಡಿದು ಕೂತ ಮನುಷ್ಯರನ್ನು ತಡೆಯಲು ಅದು ಹುಟ್ಟಿದ್ದೇ ಅಲ್ಲ. ‘ಲಲ್ಜ್’ ಎಂಬ ಪುಟ್ಟ ಪದಕ್ಕೆ ಎಷ್ಟು ದುಡಿಸಿಕೊಳ್ಳುವ ಶಕ್ತಿ ಇದೆ ಎಂಬುದನ್ನು ಟೈಮ್‌ನವರು ಅಂದಾಜು ಮಾಡಿರಲಿಲ್ಲ.

ಇನ್ನೂ ಒಂದು ಅನುಕೂಲ ಅವರಿಗೆ ಪುಕ್ಕಟೆ ಸಿಕ್ಕಿತು. ಯಂತ್ರ ಹಾಕಿದ ಮತಗಳ ಭಾರಿ ರಾಶಿ ಲೆಕ್ಕದಲ್ಲೇ ಉಳಿದುಕೊಂಡಿತ್ತು. ಮತ ಹೆಚ್ಚಿದಷ್ಟೂ ಸರಾಸರಿ ಅಲುಗುವುದು ಕಷ್ಟ. ಕೊನೆಯ ಅಂಕಿಗಳನ್ನೇ ಹಿಡಿದು ನೋಡಿ: 1,67,94,368 ಮತ, ಸರಾಸರಿ 90. ಇದನ್ನು 80ಕ್ಕೆ ಇಳಿಸಬೇಕೆಂದರೆ 1 ಅಂಕ ಕೊಡುವ 21 ಲಕ್ಷಕ್ಕೂ ಹೆಚ್ಚು ಪ್ರಾಮಾಣಿಕ ಓದುಗರು ಬೇಕು. ಸುಳ್ಳುಮತವನ್ನು ಅಳಿಸದೆ ಬರೀ ಬಾಗಿಲು ಮುಚ್ಚಿದರೆ ಒಳಗೆ ಸೇರಿಕೊಂಡವನಿಗೇ ಕಾವಲು ಕೊಟ್ಟಂತೆ. ಮತಗಳನ್ನು ತಿರುಚುವ ಹಲವು ಪ್ರಯತ್ನಗಳನ್ನು ತಮ್ಮ ತಂಡ ಪತ್ತೆ ಹಚ್ಚಿ ಹತ್ತಿಕ್ಕಿತು ಎಂದು ಟೈಮ್ ಫಲಿತಾಂಶದ ಜೊತೆಗೇ ಹೇಳಿಕೊಂಡಿತು. ಅಡಿಯಲ್ಲಿದ್ದ ಪಟ್ಟಿಯಲ್ಲಿ 21 ಅಕ್ಷರಗಳೂ ಹಾಗೆಯೇ ಇದ್ದವು.

ಕನ್ನಡದಲ್ಲಿ ‘ಟ್ರೋಲ್ ಆದರು’

ಇಂದು ಕನ್ನಡದ ಸುದ್ದಿವಾಹಿನಿಗಳಲ್ಲಿ ‘ಟ್ರೋಲ್ ಆದರು’ ಎಂಬ ಒಂದೇ ಮಾತಿನಲ್ಲಿ ನಾಲ್ಕಾರು ಸಂಗತಿಗಳು ತೂರಿಕೊಳ್ಳುತ್ತವೆ: ಟ್ರೋಲ್ ಪೇಜಿನ ಕಾಲೆಳೆತ, ಬಕ್ರಾ ಮಾಡುವುದು, ಗುಂಪುಗೂಡಿ ಬೈಯುವುದು, ಹೆಣ್ಣುಮಕ್ಕಳ ಚಿತ್ರ ತಿರುಚಿ ಹರಡುವುದು, ಕೊಲೆ ಬೆದರಿಕೆ. ಇದು ಬರೀ ಭಾಷೆಯ ಮಡಿವಂತಿಕೆಯ ಮಾತಲ್ಲ. ಟೈಮ್ ಪ್ರಕರಣದಲ್ಲಿ ಪೆಟ್ಟು ತಿಂದದ್ದು ದೊಡ್ಡ ಸಂಸ್ಥೆಯೊಂದರ ತಕ್ಕಡಿ. ಅದಕ್ಕೂ, ಒಬ್ಬ ಹುಡುಗಿಯ ಇನ್‌ಬಾಕ್ಸಿಗೆ ರಾತ್ರಿಯಿಡೀ ಬರುವ ಬೆದರಿಕೆಗೂ ಒಂದೇ ಪದ ಬಳಸಿದರೆ ಎರಡನೆಯದು ತಮಾಷೆಯ ಸಾಲಿಗೆ ಸೇರಿಹೋಗುತ್ತದೆ, ಅನ್ಯಾಯವಾಗುತ್ತದೆ.

ಠಾಣೆಗೆ ದೂರು ಬರೆಯುವಾಗ ಈ ವ್ಯತ್ಯಾಸ ಕೈಗೆ ಸಿಗುತ್ತದೆ. ಟ್ರೋಲಿಂಗ್ ಎಂಬ ಹೆಸರಿನ ಅಪರಾಧ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇಲ್ಲ, ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೂ ಇಲ್ಲ. ಜಾಲದಲ್ಲಿ ಮನ ನೋಯಿಸುವ ಸಂದೇಶ ಕಳಿಸಿದವರ ಮೇಲೆ ಬೇಕಾಬಿಟ್ಟಿ ಬಳಕೆಯಾಗುತ್ತಿದ್ದ, ಆ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಬೆದರಿಕೆಗೆ ನ್ಯಾಯ ಸಂಹಿತೆಯ 351ನೇ ಕಲಂ ಇದೆ, ಹೆಣ್ಣುಮಕ್ಕಳನ್ನು ಜಾಲದಲ್ಲಿ ಬೆನ್ನಟ್ಟುವುದಕ್ಕೆ 78 ಇದೆ. ಹಾಗಾಗಿ ‘ನನ್ನನ್ನು ಟ್ರೋಲ್ ಮಾಡುತ್ತಿದ್ದಾರೆ’ ಎಂದು ಬರೆಯಬೇಡಿ. ಇಂಥ ದಿನ, ಇಷ್ಟು ಹೊತ್ತಿಗೆ, ಈ ಖಾತೆಯಿಂದ ಈ ಮಾತು ಬಂತು ಎಂದು ಬರೆಯಿರಿ. ಸ್ಕ್ರೀನ್‌ಶಾಟಿನಲ್ಲಿ ದಿನಾಂಕ ಕಾಣಬೇಕು, ಖಾತೆಯ ಪೂರ್ತಿ ಕೊಂಡಿ ಬೇರೆಯಾಗಿ ಬರೆದಿಟ್ಟಿರಬೇಕು. ತೋರಿಕೆಯ ಹೆಸರನ್ನು ನಿಮಿಷದಲ್ಲಿ ಬದಲಿಸಿಬಿಡುತ್ತಾರೆ. ಮೊದಲು ಬ್ಲಾಕ್ ಮಾಡಿ ಆಮೇಲೆ ಸಾಕ್ಷಿ ಹುಡುಕಿದರೆ ಎಷ್ಟೋ ಸಲ ಏನೂ ಉಳಿದಿರುವುದಿಲ್ಲ.

ಮತದಾನ ನಡೆಸುವವರಿಗೆ

ನಮ್ಮಲ್ಲೂ ಕಾಲೇಜಿನ ಫೋಟೊ ಸ್ಪರ್ಧೆಯಿಂದ ಹಿಡಿದು ‘ವರ್ಷದ ಜನಪ್ರಿಯ’ ಪ್ರಶಸ್ತಿಯವರೆಗೆ ಲೈಕು, ಕ್ಲಿಕ್ಕುಗಳಿಂದ ತೀರ್ಮಾನ ಮಾಡುವ ರೂಢಿ ಬೆಳೆದಿದೆ. ಚುನಾವಣೆಯಲ್ಲಿ ಎರಡನೇ ಮತ ತಡೆಯಲು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರಿಂದ ಅಳಿಸಲಾಗದ ಶಾಯಿ ಮಾಡಿಕೊಡುತ್ತಿದೆ. ಅದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಜಾಲದಲ್ಲಿ ಬೆರಳಿಲ್ಲ. ಐಪಿ ವಿಳಾಸ ಬೆರಳಿನ ಬದಲಿ ಆಗಲಾರದು: ಒಂದು ಹಾಸ್ಟೆಲಿನ ವೈಫೈನಲ್ಲಿ ಇನ್ನೂರು ಜನರಿಗೆ ಹೊರಗೆ ಕಾಣುವ ಐಪಿ ಒಂದೇ ಇರಬಹುದು, ಒಬ್ಬನೇ ಮನುಷ್ಯನಿಗೆ ಪ್ರಾಕ್ಸಿಯಿಂದ ನೂರು ಐಪಿ ಸಿಗಬಹುದು. ಖಾತೆಗೆ ಲಾಗಿನ್ ಆಗಿಯೇ ಮತ ಹಾಕಿಸಿ. ಗೂಗಲ್ ಫಾರ್ಮ್‌ನಲ್ಲಾದರೆ ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಆಯ್ಕೆ ಒತ್ತಿದರೆ ಲಾಗಿನ್ ಕಡ್ಡಾಯವಾಗುತ್ತದೆ. ಸಣ್ಣ ಸ್ಪರ್ಧೆಗೆ ಅಷ್ಟೇ ಸಾಕು.

ಸ್ವಂತ ತಾಣ ಕಟ್ಟುವವರು ಮೊದಲು ನೋಡಬೇಕಾದದ್ದು ಸರ್ವರಿನ ಕಡೆ. ಬರೀ ಕೊಂಡಿ ತೆರೆದರೆ ಮತ ಬೀಳುವಂತಿರಬಾರದು. ನಿಮ್ಮದೇ ಪುಟ ಕೊಟ್ಟ, ಒಂದು ಬಾರಿಗಷ್ಟೇ ಸಲ್ಲುವ ಗುರುತುಚೀಟಿ (ಟೋಕನ್) ಜೊತೆಗೆ ಬಂದರೆ ಮಾತ್ರ ಸಲ್ಲಬೇಕು. ಅಂಕದ ಮಿತಿಯನ್ನು ಸರ್ವರಿನಲ್ಲಿ ಮತ್ತೆ ಪರೀಕ್ಷಿಸಬೇಕು. ಬ್ರೌಸರಿಗೆ ಕಳಿಸಿದ ಯಾವುದೂ ಗುಟ್ಟಲ್ಲ. ವೇಗದ ಮಿತಿ ಅಭ್ಯರ್ಥಿಗಲ್ಲ, ಮತದಾರನ ಒಟ್ಟು ಮತಕ್ಕೆ ಇರಲಿ. ಸರಾಸರಿಯ ಬದಲು ಮಧ್ಯಾಂಕ, ಅಂದರೆ ಎಲ್ಲ ಅಂಕಗಳನ್ನು ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವ ಅಂಕ, ಬಳಸಿದರೆ ಬರೀ 1 ಮತ್ತು 100ರಲ್ಲಿ ಕುಟ್ಟುವವರ ಕೈ ಅಷ್ಟು ಸುಲಭಕ್ಕೆ ನಡೆಯುವುದಿಲ್ಲ. ಮತದಾನ ಮುಗಿಯುವವರೆಗೂ ಸ್ಥಾನ ತೋರಿಸದಿರುವುದು ಎಲ್ಲಕ್ಕಿಂತ ಅಗ್ಗದ ಮದ್ದು. ಅದೊಂದನ್ನು ಮಾಡಿದ್ದರೂ 21 ಅಕ್ಷರಗಳನ್ನು ಜೋಡಿಸಲು ಆಗುತ್ತಿರಲಿಲ್ಲ.

ಪ್ರತಿ ಮತವನ್ನೂ ಸಮಯ, ಖಾತೆ, ಐಪಿ ಸಮೇತ ಬಿಡಿಬಿಡಿಯಾಗಿ ಉಳಿಸಿಡಿ, ಬರೀ ಮೊತ್ತ ಉಳಿಸಿದರೆ ಕಳ್ಳಮತ ಬೇರ್ಪಡಿಸಿ ಮತ್ತೆ ಎಣಿಸಲು ದಾರಿಯೇ ಇರುವುದಿಲ್ಲ. ಫಲಿತಾಂಶ ಸಿದ್ಧವಾದ ಮೇಲೆ ಪ್ರತಿ ಹೆಸರಿಗೂ ಯಾವ ಅಂಕ ಎಷ್ಟು ಸಲ ಬಿದ್ದಿದೆ ಎಂಬ ನಕ್ಷೆ ತೆಗೆದು ನೋಡಿ. ನಿಜವಾದ ಜನರ ಅಂಕಗಳು 35, 60, 72 ಎಂದು ನಡುವೆಲ್ಲ ಹರಡಿರುತ್ತವೆ. ಎರಡು ತುದಿಯಲ್ಲಿ ಮಾತ್ರ ಗೋಪುರ ಎದ್ದು ನಡುವೆ ಬಯಲಾಗಿದ್ದರೆ, ಅದೂ ಹತ್ತಿಪ್ಪತ್ತು ಹೆಸರುಗಳಿಗೆ ಒಂದೇ ರೀತಿ ಆಗಿದ್ದರೆ, ಪ್ರಕಟಣೆ ನಿಲ್ಲಿಸಿ. ಆ ಪಟ್ಟಿಯನ್ನು ಹರಟೆಕೋಣೆಗಳ ಭಾಷೆ ಬಲ್ಲ ಒಬ್ಬ ಹುಡುಗನ ಮುಂದಿಟ್ಟು, ಹೆಸರುಗಳ ಮೊದಲಕ್ಷರ, ಕೊನೆಯ ಅಕ್ಷರ, ಅಂಕಗಳ ಸಾಲು ಎಲ್ಲವನ್ನೂ ಮೇಲಿಂದ ಕೆಳಗೆ ಓದಿಸಿ.